ಬೂಟ್ ಡಿಸ್ಕ್‌ನಿಂದ ಪಾರ್ಟಿಷನ್ ಮತ್ತು ಫಾರ್ಮ್ಯಾಟ್: ಕೆಲಸ ಕೆಟ್ಟಾಗ ದೋಷ ಹುಡುಕುವ ಕೈಪಿಡಿ

ಚಾಲನೆಯಲ್ಲಿರುವ ಆಪರೇಟಿಂಗ್ ಸಿಸ್ಟಂ ತಾನು ನೆಲೆಸಿರುವ ಪಾರ್ಟಿಷನ್ ಅನ್ನು (ಡಿಸ್ಕ್‌ನ ವಿಭಾಗವನ್ನು) ತಾನೇ ಅಳಿಸಲಾರದು. ಅದು ಕೂತ ಕೊಂಬೆಯನ್ನೇ ಕಡಿದಂತೆ. ಆದ್ದರಿಂದ ಇಡೀ ಡಿಸ್ಕನ್ನು ಹೊಸದಾಗಿ ವಿಭಾಗಿಸಬೇಕಾದಾಗ, ಇಲ್ಲವೇ ಸಿಸ್ಟಂ ಇರುವ ಪಾರ್ಟಿಷನ್ ಅನ್ನೇ ಫಾರ್ಮ್ಯಾಟ್ ಮಾಡಬೇಕಾದಾಗ ಡಿವಿಡಿಯಿಂದಲೋ ಪೆನ್‌ಡ್ರೈವ್‌ನಿಂದಲೋ ಕಂಪ್ಯೂಟರನ್ನು ಬೂಟ್ ಮಾಡಿ, ಅಂದರೆ ಆರಂಭಿಸಿ, ಹೊರಗಿನಿಂದ ಕೈಹಾಕಬೇಕಾಗುತ್ತದೆ. ಈ ಕೆಲಸದಲ್ಲಿ ಎಡವಟ್ಟಾದಾಗ ಹೆಚ್ಚಿನವರು ಮೊದಲು ಅನುಮಾನಿಸುವುದು ಹಾರ್ಡ್‌ಡಿಸ್ಕನ್ನು. ನಾನು ಕಂಡ ಮಟ್ಟಿಗೆ ಡಿಸ್ಕ್ ನಿಜವಾಗಿ ಕೆಟ್ಟಿರುವ ಪ್ರಸಂಗಗಳು ಕಡಿಮೆ. ಬೂಟ್ ಡಿಸ್ಕನ್ನು ಬರೆದ ರೀತಿ, ಅದು ಬೂಟ್ ಆದ ವಿಧಾನ, ಕೆಲಸಕ್ಕೆ ಆರಿಸಿಕೊಂಡ ಡಿಸ್ಕ್, ಈ ಮೂರರಲ್ಲಿ ಒಂದು ತಪ್ಪಿರುವುದೇ ಹೆಚ್ಚು. ಕೆಳಗಿನ ಭಾಗಗಳನ್ನು ಪರದೆಯ ಮೇಲೆ ಕಾಣುವ ಲಕ್ಷಣಗಳನ್ನು ಹಿಡಿದು ಬರೆಯಲಾಗಿದೆ. ನಿಮಗೆ ಕಂಡ ಲಕ್ಷಣದ ಭಾಗಕ್ಕೆ ನೇರವಾಗಿ ಹೋಗಬಹುದು, ಆದರೆ ಮುಂದಿನ ಭಾಗವನ್ನು ಮಾತ್ರ ಎಲ್ಲರೂ ಓದಿಕೊಳ್ಳಬೇಕು.

ಕೈಹಾಕುವ ಮೊದಲು

ಪಾರ್ಟಿಷನ್ ಪಟ್ಟಿಯನ್ನು ಅಳಿಸುವುದಕ್ಕೆ ಒಂದು ಕ್ಷಣ ಸಾಕು. ಅದನ್ನು ಮರಳಿ ಪಡೆಯುವುದಕ್ಕೆ ದಿನಗಳು ಬೇಕಾಗಬಹುದು, ಸಿಗದೆಯೂ ಹೋಗಬಹುದು. ಉಳಿಯಲೇಬೇಕಾದ ಕಡತಗಳ ಒಂದು ಪ್ರತಿ ಬೇರೆ ಡಿಸ್ಕ್‌ನಲ್ಲಿರಬೇಕು. ಅದೇ ಡಿಸ್ಕ್‌ನ ಇನ್ನೊಂದು ಪಾರ್ಟಿಷನ್‌ನಲ್ಲಿಟ್ಟ ಪ್ರತಿಯನ್ನು ಬ್ಯಾಕಪ್ ಎಂದು ಕರೆಯಲಾಗದು. ಪ್ರತಿ ತೆಗೆದ ಮೇಲೆ ನಾಲ್ಕಾರು ಕಡತಗಳನ್ನು ಅದರಿಂದಲೇ ತೆರೆದು ನೋಡುವುದು ಒಳ್ಳೆಯದು.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಜೋಡಿಸಿಯೇ ಕೆಲಸ ಆರಂಭಿಸಬೇಕು. ಪಾರ್ಟಿಷನ್‌ನ ಗಾತ್ರ ಬದಲಿಸುವಾಗ, ಅದರಲ್ಲೂ ಅದರ ಆರಂಭದ ಜಾಗವನ್ನು ಸರಿಸುವಾಗ, ಒಳಗಿನ ದತ್ತಾಂಶ ಅಕ್ಷರಶಃ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುತ್ತಿರುತ್ತದೆ; ನಡುವೆ ವಿದ್ಯುತ್ ಹೋದರೆ ಅರ್ಧ ಹಳೆಯ ಜಾಗದಲ್ಲಿ, ಅರ್ಧ ಹೊಸ ಜಾಗದಲ್ಲಿ ಉಳಿಯುತ್ತದೆ. ಕಂಪ್ಯೂಟರಿನ ಡಬ್ಬಿ ತೆರೆಯಬೇಕಾದಾಗ ಪ್ಲಗ್ ತೆಗೆದು, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು, ಬಣ್ಣ ಬಳಿಯದ ಲೋಹದ ಭಾಗವನ್ನು ಮುಟ್ಟಿ ಮೈಯಲ್ಲಿರುವ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಂಡ ಮೇಲೆ ಒಳಗೆ ಕೈಯಿಡಬೇಕು. ಪವರ್ ಸಪ್ಲೈ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ಡಿಸ್ಕ್‌ಗೆ ಬಿಟ್‌ಲಾಕರ್ ಗೂಢಲಿಪೀಕರಣ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಮುಂದುವರಿಯಬಾರದು. ಬೂಟ್ ವಿಧಾನವನ್ನೋ, ಸಹಿಯಿಲ್ಲದ ಬೂಟ್ ಡಿಸ್ಕನ್ನು ತಡೆಯುವ ಸೆಕ್ಯೂರ್ ಬೂಟ್ ಆಯ್ಕೆಯನ್ನೋ ಬದಲಿಸಿದ ಮರುಕ್ಷಣವೇ ಅದು ಆ ಕೀಲಿಯನ್ನು ಕೇಳಬಹುದು.

ಬೂಟ್ ಡಿಸ್ಕ್ ಹಾಕಿದರೂ ಹಳೆಯ ಸಿಸ್ಟಂ ತೆರೆದುಕೊಳ್ಳುತ್ತದೆ

ಮೊದಲು ಬೂಟ್ ಮೆನು ನೋಡಿ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಎಫ್12, ಎಫ್11, ಎಫ್9, ಎಫ್8 ಅಥವಾ ಎಸ್ಕೇಪ್ ಕೀಲಿಗಳಲ್ಲಿ ಒಂದನ್ನು ಮತ್ತೆ ಮತ್ತೆ ಒತ್ತಿದರೆ ಈ ಮೆನು ಬರುತ್ತದೆ. ಯಾವುದೆಂಬುದು ತಯಾರಕರನ್ನು ಅವಲಂಬಿಸಿದೆ. ವಿಂಡೋಸ್ 8 ಮತ್ತು ನಂತರದ ಆವೃತ್ತಿಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಇರುವುದರಿಂದ ಕೀಲಿ ಒತ್ತಲು ಸಿಗುವ ಅವಧಿ ಬಹಳ ಚಿಕ್ಕದು. ಕೈಗೆ ಸಿಗದಿದ್ದರೆ ಶಿಫ್ಟ್ ಕೀಲಿ ಹಿಡಿದುಕೊಂಡು ರೀಸ್ಟಾರ್ಟ್ ಕ್ಲಿಕ್ ಮಾಡಿದರೆ ಬರುವ ನೀಲಿ ಪರದೆಯಿಂದಲೂ ಡಿವಿಡಿ ಅಥವಾ ಪೆನ್‌ಡ್ರೈವ್ ಆರಿಸಬಹುದು. ವಿಂಡೋಸ್‌ನ ಅನುಸ್ಥಾಪನಾ ಡಿವಿಡಿ ‘ಯಾವುದಾದರೂ ಕೀಲಿ ಒತ್ತಿ’ ಎಂಬ ಒಂದು ಸಾಲು ತೋರಿಸಿ ಕೆಲವೇ ಕ್ಷಣ ಕಾಯುತ್ತದೆ ಎಂಬುದನ್ನೂ ನೆನಪಿಡಬೇಕು. ಆ ಸಾಲನ್ನು ಗಮನಿಸದೆ ಡಿವಿಡಿ ಕೆಟ್ಟಿದೆಯೆಂದು ಬಿಸಾಡಿದವರಿದ್ದಾರೆ.

ಮೆನುವಿನಲ್ಲಿ ಡಿವಿಡಿಯ ಹೆಸರೇ ಇಲ್ಲದಿದ್ದರೆ, ಅಥವಾ ಆರಿಸಿದರೂ ಹಿಂದಕ್ಕೆ ಬರುತ್ತಿದ್ದರೆ, ಆ ಡಿವಿಡಿಯನ್ನು ಚಾಲನೆಯಲ್ಲಿರುವ ಇನ್ನೊಂದು ಕಂಪ್ಯೂಟರಿಗೆ ಹಾಕಿ ತೆರೆದು ನೋಡುವುದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ಒಳಗೆ ‘ಬೂಟ್’, ‘ಇಎಫ್‌ಐ’ ಮುಂತಾದ ಫೋಲ್ಡರುಗಳು ಕಂಡರೆ ಬರೆದ ರೀತಿ ಸರಿಯಾಗಿದೆ. ಅದರ ಬದಲು ಕೊನೆಯಲ್ಲಿ ‘.ಐಎಸ್‌ಒ’ ಎಂದಿರುವ ಒಂದೇ ಒಂದು ದೊಡ್ಡ ಕಡತ ಒಂಟಿಯಾಗಿ ಕುಳಿತಿದ್ದರೆ ದೋಷ ಸಿಕ್ಕಿತು: ಇಮೇಜನ್ನು (ಇಡೀ ಡಿಸ್ಕ್‌ನ ಒಳಗಿನದನ್ನು ಒಂದೇ ಕಡತದಲ್ಲಿ ಹಿಡಿದಿಟ್ಟ ಪ್ರತಿಯನ್ನು) ಬಿಡಿಸಿ ಬರೆಯುವ ಬದಲು ಅದನ್ನು ಸಾಮಾನ್ಯ ಕಡತದಂತೆ ನಕಲು ಮಾಡಲಾಗಿದೆ. ಡಿಸ್ಕ್ ಬರೆಯುವ ತಂತ್ರಾಂಶದಲ್ಲಿ ‘ಬರ್ನ್ ಇಮೇಜ್’ ಎಂಬ ಆಯ್ಕೆಯಿಂದಲೇ ಅದನ್ನು ಮತ್ತೆ ಬರೆಯಬೇಕು. ಪೆನ್‌ಡ್ರೈವ್‌ಗೂ ಇದೇ ಮಾತು ಅನ್ವಯಿಸುತ್ತದೆ. ರೂಫಸ್‌ನಂಥ ತಂತ್ರಾಂಶದಿಂದ ಬರೆಯಬೇಕೇ ಹೊರತು ಎಳೆದು ಹಾಕಿದರೆ ಸಾಲದು.

ಇಮೇಜಿನ ಗಾತ್ರವನ್ನೂ ಒಮ್ಮೆ ನೋಡಿಕೊಳ್ಳಬೇಕು. ಸಾಮಾನ್ಯ ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ, ಎರಡು ಪದರದ್ದರಲ್ಲಿ 8.5 ಜಿಬಿ ಹಿಡಿಸುತ್ತದೆ. ಈಚಿನ ವಿಂಡೋಸ್ ಇಮೇಜುಗಳು ಒಂದು ಪದರದ ಡಿವಿಡಿಯಲ್ಲಿ ಹಿಡಿಸುವುದಿಲ್ಲ. ಪಾರ್ಟಿಷನ್ ಕೆಲಸವೊಂದೇ ಸಾಕೆನ್ನುವವರಿಗೆ ಜಿಪಾರ್ಟೆಡ್ ಲೈವ್‌ನಂಥ ಚಿಕ್ಕ ಇಮೇಜು ಒಂದು ಸಿಡಿಯ 700 ಎಂಬಿಯ ಒಳಗೇ ಮುಗಿಯುತ್ತದೆ.

ಇಷ್ಟೆಲ್ಲ ಸರಿಯಿದ್ದೂ ‘ಭದ್ರತಾ ಉಲ್ಲಂಘನೆ’ ಎಂಬ ಅರ್ಥದ ಕೆಂಪು ಚೌಕ ಕಾಣಿಸಿಕೊಂಡರೆ ಅದು ಸೆಕ್ಯೂರ್ ಬೂಟ್‌ನ ತಡೆ. ಸಹಿಯಿಲ್ಲದ ಬೂಟ್ ಡಿಸ್ಕನ್ನು ಅದು ಒಳಗೆ ಬಿಡುವುದಿಲ್ಲ. ಬಯಾಸ್ ಪರದೆಯಲ್ಲಿ (ಆಪರೇಟಿಂಗ್ ಸಿಸ್ಟಂಗೂ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶದ ಆಯ್ಕೆಗಳ ಪರದೆ) ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಕೆಲಸ ಮುಗಿದ ಮೇಲೆ ಮರಳಿ ಆನ್ ಮಾಡಬೇಕು.

ಬೂಟ್ ಆರಂಭವಾಗಿ ಅರ್ಧಕ್ಕೆ ನಿಲ್ಲುತ್ತದೆ

ಎಲ್ಲಿ ನಿಲ್ಲುತ್ತದೆ ಎಂಬುದನ್ನು ಎರಡು ಮೂರು ಬಾರಿ ಗಮನಿಸಿ. ಪ್ರತಿ ಬಾರಿ ಒಂದೇ ಜಾಗದಲ್ಲಿ ನಿಂತು, ಡಿವಿಡಿ ಡ್ರೈವ್ ಒಂದೇ ಕಡೆ ತಡವರಿಸುವ ಸದ್ದು ಮಾಡುತ್ತಿದ್ದರೆ ಆ ಡಿವಿಡಿಯ ಮೇಲೆ ಗೀರೋ ಬರೆಯುವಾಗಿನ ದೋಷವೋ ಇದೆ. ಪ್ರತಿ ಬಾರಿ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಸಂದೇಶದೊಂದಿಗೆ ನಿಲ್ಲುತ್ತಿದ್ದರೆ ಅನುಮಾನ ರ‍್ಯಾಮ್‌ನ ಕಡೆಗೆ ಹೋಗಬೇಕು. ಮೆಮ್‌ಟೆಸ್ಟ್86+ ಎಂಬ ಉಚಿತ ಪರೀಕ್ಷಕವನ್ನು ಬೂಟ್ ಮಾಡಿ ಕನಿಷ್ಠ ಒಂದು ಪೂರ್ಣ ಸುತ್ತು ಓಡಿಸಬೇಕು. ಅದರಲ್ಲಿ ಒಂದೇ ಒಂದು ತಪ್ಪು ಕಂಡುಬಂದರೂ ಪಾರ್ಟಿಷನ್ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ. ತಪ್ಪು ಮಾಡುವ ರ‍್ಯಾಮ್ ಮೂಲಕ ಸಾಗಿದ ದತ್ತಾಂಶ ಡಿಸ್ಕ್‌ನ ಮೇಲೂ ತಪ್ಪಾಗಿಯೇ ಬರೆಯಲ್ಪಡುತ್ತದೆ.

ಡಿವಿಡಿಯ ಮೇಲೆ ಅನುಮಾನವಿದ್ದರೆ ಇಳಿಸಿಕೊಂಡ ಇಮೇಜಿನ ಎಸ್‌ಎಚ್‌ಎ-256 ಮೊತ್ತವನ್ನು (ಕಡತದ ಒಳಗಿನದರಿಂದ ಲೆಕ್ಕ ಹಾಕುವ ಗುರುತಿನ ಸಂಖ್ಯೆಯನ್ನು) ಪ್ರಕಾಶಕರು ಕೊಟ್ಟ ಮೊತ್ತದೊಂದಿಗೆ ಹೋಲಿಸಿ, ಅದು ಸರಿಯಿದ್ದರೆ ಹೊಸ ಡಿವಿಡಿಯಲ್ಲಿ ಕಡಿಮೆ ವೇಗದಲ್ಲಿ, ಬರೆದ ಮೇಲೆ ಪರಿಶೀಲಿಸುವ ಆಯ್ಕೆಯನ್ನು ಹಾಕಿಕೊಂಡು ಬರೆಯಬೇಕು. ಯುಎಸ್‌ಬಿಯಿಂದ ನಡೆಯುವ ಹೊರಗಿನ ಡಿವಿಡಿ ಡ್ರೈವ್ ಆದರೆ ಅದನ್ನು ಹಬ್‌ನಿಂದ ಬಿಡಿಸಿ ನೇರವಾಗಿ ಮದರ್‌ಬೋರ್ಡ್‌ನ ಪೋರ್ಟ್‌ಗೆ ಜೋಡಿಸಿ ನೋಡಬೇಕು. ವಿದ್ಯುತ್ ಸಾಲದೆ ತಿರುಗುವುದನ್ನು ನಿಲ್ಲಿಸುವ ಡ್ರೈವುಗಳು ಕಡಿಮೆಯೇನಲ್ಲ. ಇನ್ನು ಬೂಟ್ ಆದ ಮೇಲೆ ಪರದೆ ಮಾತ್ರ ಕಪ್ಪಾಗಿ ಉಳಿದರೆ ದೋಷ ಗ್ರಾಫಿಕ್ಸ್‌ನದು; ಲಿನಕ್ಸ್ ಡಿಸ್ಕ್‌ಗಳ ಮೆನುವಿನಲ್ಲಿರುವ ‘ಸೇಫ್ ಗ್ರಾಫಿಕ್ಸ್’ ಆಯ್ಕೆ ಅದಕ್ಕೇ ಇರುವುದು.

ಬೂಟ್ ಆಯಿತು, ಆದರೆ ಹಾರ್ಡ್‌ಡಿಸ್ಕ್ ಪಟ್ಟಿಯಲ್ಲಿಲ್ಲ

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಬಯಾಸ್ ಪರದೆಯಲ್ಲಿ ಡಿಸ್ಕ್‌ನ ಹೆಸರು ಕಾಣುತ್ತಿದೆಯೇ?

ಕಾಣುತ್ತಿದ್ದರೆ ಡಿಸ್ಕ್ ಜೀವಂತವಾಗಿದೆ, ಬೂಟ್ ಆದ ತಂತ್ರಾಂಶಕ್ಕೆ ಅದರ ಜೊತೆ ಮಾತಾಡುವ ಡ್ರೈವರ್ ಇಲ್ಲವೆಂದು ಅರ್ಥ. ಇಂಟೆಲ್‌ನ 11ನೆಯ ತಲೆಮಾರು ಮತ್ತು ಅದರ ನಂತರದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಎಂಇ ಎಸ್‌ಎಸ್‌ಡಿ ‘ವಿಎಂಡಿ’ ಎಂಬ ನಿಯಂತ್ರಕದ ಹಿಂದೆ ಅಡಗಿರುತ್ತದೆ, ವಿಂಡೋಸ್ ಅನುಸ್ಥಾಪಕ ಪೂರ್ತಿ ಖಾಲಿ ಪಟ್ಟಿ ತೋರಿಸುತ್ತದೆ. ಲ್ಯಾಪ್‌ಟಾಪ್ ತಯಾರಕರು ಕೊಡುವ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಬಿಡಿಸಿ ಪೆನ್‌ಡ್ರೈವ್‌ಗೆ ಹಾಕಿಕೊಂಡು, ‘ಲೋಡ್ ಡ್ರೈವರ್’ ಮೂಲಕ ಅದನ್ನು ತೋರಿಸಿದರೆ ಡಿಸ್ಕ್ ಕಾಣಿಸಿಕೊಳ್ಳುತ್ತದೆ. ಬಯಾಸ್‌ನಲ್ಲಿ ವಿಎಂಡಿಯನ್ನೇ ನಿಲ್ಲಿಸುವುದು ಇನ್ನೊಂದು ದಾರಿ. ಆದರೆ ಈಗಾಗಲೇ ಇರುವ ವಿಂಡೋಸ್ ಅದಾದ ಮೇಲೆ ಬೂಟ್ ಆಗದೆ ನಿಲ್ಲಬಹುದಾದ್ದರಿಂದ, ಹಳೆಯ ಸಿಸ್ಟಂ ಉಳಿಸಿಕೊಳ್ಳುವವರು ಈ ದಾರಿ ಹಿಡಿಯಬಾರದು. ಡಿಸ್ಕ್‌ಗಳು ರೇಡ್ ಜೋಡಣೆಯಲ್ಲಿದ್ದರೆ (ಹಲವು ಡಿಸ್ಕ್ ಸೇರಿ ಒಂದಾಗಿ ಕೆಲಸ ಮಾಡುತ್ತಿದ್ದರೆ) ಆ ಆಯ್ಕೆಯನ್ನು ಮುಟ್ಟಲೇಬಾರದು.

ಬಯಾಸ್‌ನಲ್ಲೂ ಕಾಣದಿದ್ದರೆ ವಿದ್ಯುತ್ ನಿಲ್ಲಿಸಿ ಸಾಟಾ ಕೇಬಲ್ ಮತ್ತು ಪವರ್ ಕೇಬಲ್‌ಗಳ ಎರಡೂ ತುದಿಗಳನ್ನು ತೆಗೆದು ಮತ್ತೆ ಒತ್ತಿ ಕೂರಿಸಿ, ಬೇರೆ ಕೇಬಲ್, ಬೇರೆ ಪೋರ್ಟ್ ಪ್ರಯತ್ನಿಸಬೇಕು. ಕೆಲವು ಮದರ್‌ಬೋರ್ಡ್‌ಗಳಲ್ಲಿ ಎಂ.2 ಕಿಂಡಿಗೆ ಎಸ್‌ಎಸ್‌ಡಿ ಹಾಕಿದ ಕೂಡಲೇ ಒಂದೆರಡು ಸಾಟಾ ಪೋರ್ಟ್‌ಗಳು ತಾವಾಗಿಯೇ ನಿಂತುಹೋಗುತ್ತವೆ; ಹೊಸ ಎಸ್‌ಎಸ್‌ಡಿ ಹಾಕಿದ ದಿನದಿಂದಲೇ ಹಳೆಯ ಹಾರ್ಡ್‌ಡಿಸ್ಕ್ ಮಾಯವಾಗಿದ್ದರೆ ಮದರ್‌ಬೋರ್ಡ್‌ನ ಕೈಪಿಡಿಯಲ್ಲಿ ಈ ಬಗ್ಗೆ ಇರುವ ಪಟ್ಟಿಯನ್ನು ನೋಡಬೇಕು. ಹಾರ್ಡ್‌ಡಿಸ್ಕ್‌ನಿಂದ ಕಟ್ ಕಟ್ ಎಂಬ ಲಯಬದ್ಧ ಸದ್ದು ಬರುತ್ತಿದ್ದರೆ ಇನ್ನು ಯಾವ ಪ್ರಯೋಗವೂ ಬೇಡ. ಒಳಗಿನ ಓದುವ ತಲೆ ತನ್ನ ಜಾಗ ಸಿಗದೆ ಹೊಯ್ದಾಡುತ್ತಿರುವ ಸದ್ದು ಅದು, ಪ್ರತಿ ಬಾರಿ ಆನ್ ಮಾಡಿದಾಗಲೂ ಹಾನಿ ಹೆಚ್ಚುತ್ತದೆ. ಒಳಗಿನ ದತ್ತಾಂಶ ಬೇಕೆಂದಿದ್ದರೆ ದತ್ತಾಂಶ ಮರುಪಡೆಯುವ ಪರಿಣತರ ಬಳಿಗೇ ಒಯ್ಯಬೇಕು.

ಪಟ್ಟಿಯಲ್ಲಿ ಎರಡು ಮೂರು ಡಿಸ್ಕ್‌ಗಳಿವೆ, ಯಾವುದು ಯಾವುದೆಂದು ತಿಳಿಯುತ್ತಿಲ್ಲ

ಇದನ್ನು ದೋಷವೆಂದು ಯಾರೂ ಕರೆಯುವುದಿಲ್ಲ. ಆದರೆ ಈ ಕೆಲಸದಲ್ಲಿ ಆಗುವ ಅತಿ ದೊಡ್ಡ ನಷ್ಟಗಳೆಲ್ಲ ಈ ಪರದೆಯ ಮುಂದೆಯೇ ಆಗುವುದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಅಗತ್ಯ.

ಬೂಟ್ ಡಿಸ್ಕ್‌ನಿಂದ ಬಂದ ಪರಿಸರದಲ್ಲಿ ಡ್ರೈವ್ ಅಕ್ಷರಗಳನ್ನು ನಂಬಬಾರದು. ನಿಮ್ಮ ದಿನನಿತ್ಯದ ಸಿ ಡ್ರೈವ್ ಅಲ್ಲಿ ಡಿ ಎಂದೋ ಇ ಎಂದೋ ಕಾಣಿಸಬಹುದು, ಸಿ ಎಂಬ ಅಕ್ಷರ ಬೇರೆ ಯಾವುದೋ ಪಾರ್ಟಿಷನ್‌ಗೆ ಸಿಕ್ಕಿರಬಹುದು. ಡಿಸ್ಕ್ 0, ಡಿಸ್ಕ್ 1 ಎಂಬ ಸಂಖ್ಯೆಗಳಾಗಲಿ ಲಿನಕ್ಸ್‌ನ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳಾಗಲಿ ಪ್ರತಿ ಬೂಟ್‌ನಲ್ಲೂ ಹಾಗೆಯೇ ಇರುತ್ತವೆಂಬ ಭರವಸೆಯಿಲ್ಲ. ಒಮ್ಮೆ ನನ್ನದೇ ಕಂಪ್ಯೂಟರಿನಲ್ಲಿ ಎರಡೂ 465 ಜಿಬಿ ಎಂದು ತೋರಿಸುತ್ತಿದ್ದ ಡಿಸ್ಕ್‌ಗಳ ಪೈಕಿ ಹಿಂದಿನ ದಿನದ ಸಂಖ್ಯೆಯನ್ನೇ ನೆಚ್ಚಿ, ಪಾರ್ಟಿಷನ್ ಪಟ್ಟಿಯನ್ನು ಅಳಿಸುವ ‘ಕ್ಲೀನ್’ ಆದೇಶ ಕೊಟ್ಟೆ. ಉತ್ತರ ಒಂದೇ ಸಾಲಿನಲ್ಲಿ, ಉಸಿರು ಬಿಡುವಷ್ಟರಲ್ಲಿ ಬಂತು. ಅಳಿಸಿಹೋದದ್ದು ಖಾಲಿ ಡಿಸ್ಕ್ ಅಲ್ಲ, ಫೋಟೋಗಳಿದ್ದ ಡಿಸ್ಕ್. ಪಾರ್ಟಿಷನ್ ಪಟ್ಟಿ ಮಾತ್ರ ಹೋಗಿದ್ದರಿಂದ ಅವುಗಳಲ್ಲಿ ಹೆಚ್ಚಿನವು ಮರಳಿ ಸಿಕ್ಕವು, ಆದರೆ ಅದಕ್ಕೆ ಎರಡು ದಿನ ಹಿಡಿಯಿತು.

ಗುರುತಿಸುವ ಕ್ರಮ ಹೀಗಿದೆ. ವಿಂಡೋಸ್ ಅನುಸ್ಥಾಪಕದಲ್ಲಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಪ್ಪು ಆದೇಶ ಕಿಟಕಿ ತೆರೆಯುತ್ತದೆ. ಅಲ್ಲಿ ‘ಡಿಸ್ಕ್‌ಪಾರ್ಟ್’ ಆರಂಭಿಸಿ ‘ಲಿಸ್ಟ್ ಡಿಸ್ಕ್’ ಕೊಟ್ಟರೆ ಡಿಸ್ಕ್‌ಗಳ ಪಟ್ಟಿ ಬರುತ್ತದೆ. ಕೊನೆಯ ‘ಜಿಪಿಟಿ’ ಅಂಕಣದಲ್ಲಿ ನಕ್ಷತ್ರದ ಗುರುತಿದ್ದರೆ ಆ ಡಿಸ್ಕ್‌ನ ಪಾರ್ಟಿಷನ್ ಪಟ್ಟಿ ಜಿಪಿಟಿ ಎಂಬ ಹೊಸ ಮಾದರಿಯದು (ಮುಂದಿನ ಭಾಗ ನೋಡಿ). ‘ಸೆಲೆಕ್ಟ್ ಡಿಸ್ಕ್’ ಎಂದು ಸಂಖ್ಯೆಯೊಂದಿಗೆ ಆರಿಸಿಕೊಂಡು ‘ಡಿಟೇಲ್ ಡಿಸ್ಕ್’ ಕೊಟ್ಟರೆ ಡಿಸ್ಕ್‌ನ ಮಾದರಿ ಹೆಸರು ಮತ್ತು ಅದರೊಳಗಿನ ವಾಲ್ಯೂಮ್‌ಗಳ ಲೇಬಲ್‌ಗಳು ಕಾಣುತ್ತವೆ. ಗಾತ್ರ, ಮಾದರಿ, ಲೇಬಲ್ ಮೂರೂ ಹೊಂದುವವರೆಗೆ ಮುಂದುವರಿಯಬಾರದು. ಜಿಪಾರ್ಟೆಡ್‌ನಲ್ಲಿ ಮೇಲಿನ ಬಲ ಮೂಲೆಯ ಪಟ್ಟಿಯಿಂದ ಡಿಸ್ಕ್ ಬದಲಿಸಬಹುದು, ‘ವ್ಯೂ’ ಮೆನುವಿನಿಂದ ಮಾದರಿ ಹೆಸರನ್ನು ತೆರೆದು ನೋಡಬಹುದು. ಆದರೆ ಇವೆಲ್ಲಕ್ಕಿಂತ ನಿಶ್ಚಿಂತೆಯ ಉಪಾಯವೆಂದರೆ, ವಿದ್ಯುತ್ ನಿಲ್ಲಿಸಿ ಆ ಕೆಲಸಕ್ಕೆ ಬೇಡದ ಡಿಸ್ಕ್‌ಗಳ ಕೇಬಲ್‌ಗಳನ್ನೇ ಬಿಡಿಸಿಡುವುದು. ಜೋಡಿಸದ ಡಿಸ್ಕನ್ನು ಯಾರೂ ಅಳಿಸಲಾರರು.

ಎರಡು ತಂತ್ರಾಂಶಗಳ ಸ್ವಭಾವದ ವ್ಯತ್ಯಾಸವನ್ನೂ ತಿಳಿದಿರಬೇಕು. ಜಿಪಾರ್ಟೆಡ್ ನೀವು ಹೇಳಿದ್ದನ್ನೆಲ್ಲ ಕೆಳಗೆ ಸಾಲಾಗಿ ಬರೆದುಕೊಂಡು ‘ಅಪ್ಲೈ’ ಒತ್ತುವವರೆಗೆ ಡಿಸ್ಕನ್ನು ಮುಟ್ಟುವುದಿಲ್ಲ. ಡಿಸ್ಕ್‌ಪಾರ್ಟ್‌ಗೆ ಆ ತಾಳ್ಮೆಯಿಲ್ಲ. ಎಂಟರ್ ಒತ್ತಿದ ಕ್ಷಣವೇ ಕೆಲಸ ಮುಗಿದಿರುತ್ತದೆ, ‘ಖಚಿತವೇ’ ಎಂದು ಅದು ಕೇಳುವುದೂ ಇಲ್ಲ.

‘ಈ ಡಿಸ್ಕ್‌ನಲ್ಲಿ ವಿಂಡೋಸ್ ಸ್ಥಾಪಿಸಲಾಗದು’ ಎಂಬ ಸಂದೇಶ

ಈ ಸಂದೇಶ ಎರಡು ರೂಪಗಳಲ್ಲಿ ಬರುತ್ತದೆ. ಒಂದರಲ್ಲಿ ಡಿಸ್ಕ್ ಜಿಪಿಟಿ ಮಾದರಿಯದು ಎಂಬ ದೂರು, ಇನ್ನೊಂದರಲ್ಲಿ ಡಿಸ್ಕ್‌ನಲ್ಲಿ ಎಂಬಿಆರ್ ಪಟ್ಟಿಯಿದೆ ಎಂಬ ದೂರು. ಎರಡರಲ್ಲೂ ಡಿಸ್ಕ್ ಚೆನ್ನಾಗಿಯೇ ಇರುತ್ತದೆ. ಬೂಟ್ ಆದ ವಿಧಾನಕ್ಕೂ ಡಿಸ್ಕ್‌ನ ಪಟ್ಟಿಗೂ ಹೊಂದಾಣಿಕೆ ತಪ್ಪಿರುತ್ತದೆ.

ಎಂಬಿಆರ್ 1983ರಲ್ಲಿ ಪಿಸಿ ಡಾಸ್ 2.0 ಜೊತೆ ಬಂದ ಹಳೆಯ ಕ್ರಮ. ಡಿಸ್ಕ್‌ನ ಮೊದಲ 512 ಬೈಟ್‌ಗಳಲ್ಲೇ ಬೂಟ್ ಕೋಡ್ ಮತ್ತು ಪಾರ್ಟಿಷನ್ ಪಟ್ಟಿ ಎರಡೂ ಇರುವುದರಿಂದ ನಾಲ್ಕು ಪ್ರೈಮರಿ ಪಾರ್ಟಿಷನ್‌ಗಳಿಗಷ್ಟೇ ಅದರಲ್ಲಿ ಜಾಗ. ಹಳೆಯ ಬಯಾಸ್‌ನ ಜಾಗದಲ್ಲಿ ನಿಂತ ಯುಇಎಫ್‌ಐ ಜೊತೆ ಬಂದ ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ಪಾರ್ಟಿಷನ್‌ಗಳಿಗೆ ಜಾಗವಿದ್ದು, ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕ್‌ನ ತುದಿಯಲ್ಲೂ ಇರುತ್ತದೆ. ವಿಂಡೋಸ್ ಅನುಸ್ಥಾಪಕ ಯುಇಎಫ್‌ಐ ವಿಧಾನದಲ್ಲಿ ಬೂಟ್ ಆದರೆ ಜಿಪಿಟಿಯನ್ನೇ ಕೇಳುತ್ತದೆ, ಹಳೆಯ ಬಯಾಸ್ ವಿಧಾನದಲ್ಲಿ ಬೂಟ್ ಆದರೆ ಎಂಬಿಆರ್ ಅನ್ನೇ ಕೇಳುತ್ತದೆ.

ಆದ್ದರಿಂದ ಡಿಸ್ಕನ್ನು ಪರಿವರ್ತಿಸುವ ಮೊದಲು ಬೂಟ್ ಮೆನುವಿಗೆ ಹಿಂತಿರುಗಿ ನೋಡಬೇಕು. ಅಲ್ಲಿ ಒಂದೇ ಡಿವಿಡಿ ಅಥವಾ ಪೆನ್‌ಡ್ರೈವ್ ಎರಡು ಬಾರಿ ಕಾಣಿಸುವುದುಂಟು, ಒಂದರ ಹೆಸರಿನ ಮೊದಲಿಗೆ ‘ಯುಇಎಫ್‌ಐ’ ಎಂದಿರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಡಿಸ್ಕ್ ಜಿಪಿಟಿ ಎಂಬ ದೂರು ಬಂದಿದ್ದರೆ ‘ಯುಇಎಫ್‌ಐ’ ಎಂದಿರುವುದನ್ನು ಆರಿಸಿ ಮತ್ತೆ ಬೂಟ್ ಮಾಡಿ. ಅನೇಕ ಬಾರಿ ಒಂದು ಕಡತವೂ ಅಳಿಯದೆ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಎಂಬಿಆರ್ ಎಂಬ ದೂರು ಬಂದಿದ್ದು, ಡಿಸ್ಕ್‌ನಲ್ಲಿ ಉಳಿಸಿಕೊಳ್ಳಬೇಕಾದದ್ದು ಏನೂ ಇಲ್ಲದಿದ್ದರೆ ಮಾತ್ರ ಡಿಸ್ಕ್‌ಪಾರ್ಟ್‌ನಲ್ಲಿ ಆ ಡಿಸ್ಕ್ ಆರಿಸಿ ‘ಕ್ಲೀನ್’, ಆಮೇಲೆ ‘ಕನ್ವರ್ಟ್ ಜಿಪಿಟಿ’ ಕೊಡಬೇಕು. ಹಳೆಯ ವಿಂಡೋಸ್ ಅನ್ನು ಹಾಗೆಯೇ ಉಳಿಸಿಕೊಂಡು ಜಿಪಿಟಿಗೆ ಹೋಗಬೇಕೆಂದಿದ್ದರೆ ವಿಂಡೋಸ್ 10ರ 1703 ಆವೃತ್ತಿಯಿಂದ ಜೊತೆಗೇ ಬರುವ ‘ಎಂಬಿಆರ್2ಜಿಪಿಟಿ’ ಎಂಬ ಉಪಕರಣವಿದೆ. ಪ್ರೈಮರಿ ಪಾರ್ಟಿಷನ್‌ಗಳು ಮೂರಕ್ಕಿಂತ ಹೆಚ್ಚಿದ್ದರೆ ಅದು ಒಪ್ಪುವುದಿಲ್ಲ. ಅದರ ಪರಿಶೀಲನಾ ಆಯ್ಕೆಯನ್ನು ಮೊದಲು ಓಡಿಸಿ, ತೇರ್ಗಡೆಯಾದರಷ್ಟೇ ಪರಿವರ್ತನೆಗೆ ಹೋಗಬೇಕು, ನಂತರ ಬಯಾಸ್‌ನಲ್ಲಿ ಯುಇಎಫ್‌ಐ ವಿಧಾನಕ್ಕೆ ಬದಲಿಸಬೇಕು.

ಪಾರ್ಟಿಷನ್ ಕುಗ್ಗುವುದಿಲ್ಲ ಅಥವಾ ಹಿಗ್ಗುವುದಿಲ್ಲ

ಜಿಪಾರ್ಟೆಡ್‌ನಲ್ಲಿ ಪಾರ್ಟಿಷನ್‌ನ ಪಕ್ಕ ಕೀಲಿಯ ಅಥವಾ ಬೀಗದ ಚಿಹ್ನೆ ಕಂಡರೆ ಅದು ಬಳಕೆಯಲ್ಲಿದೆ ಎಂದರ್ಥ. ಬಲ ಕ್ಲಿಕ್ ಮಾಡಿ ‘ಅನ್‌ಮೌಂಟ್’ ಕೊಡಬೇಕು, ಸ್ವಾಪ್ (ರ‍್ಯಾಮ್ ಸಾಲದಾಗ ಲಿನಕ್ಸ್ ಬಳಸುವ) ಪಾರ್ಟಿಷನ್ ಆದರೆ ‘ಸ್ವಾಪ್‌ಆಫ್’ ಕೊಡಬೇಕು. ಹಳದಿ ಎಚ್ಚರಿಕೆಯ ತ್ರಿಕೋನ ಕಂಡು, ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಪಾರ್ಟಿಷನ್ ಅಸ್ತವ್ಯಸ್ತ ಸ್ಥಿತಿಯಲ್ಲಿದೆ ಎಂಬ ಸಂದೇಶ ಬಂದರೆ ವಿಂಡೋಸ್ ಪೂರ್ತಿ ಮುಚ್ಚಿಕೊಂಡಿಲ್ಲ. ಫಾಸ್ಟ್ ಸ್ಟಾರ್ಟಪ್ ಇರುವಾಗ ‘ಶಟ್‌ಡೌನ್’ ಎಂಬುದು ನಿಜವಾಗಿ ಅರೆನಿದ್ರೆ ಮಾತ್ರ. ವಿಂಡೋಸ್‌ಗೆ ಮರಳಿ, ಆಡಳಿತಗಾರರ ಆದೇಶ ಕಿಟಕಿಯಲ್ಲಿ ‘ಪವರ್‌ಸಿಎಫ್‌ಜಿ’ ಮೂಲಕ ಹೈಬರ್ನೇಷನ್ ನಿಲ್ಲಿಸಿ, ಒಮ್ಮೆ ‘ಚೆಕ್‌ಡಿಸ್ಕ್’ ಓಡಿಸಿ, ಪೂರ್ತಿ ಮುಚ್ಚಿ ಬರಬೇಕು. ಬಲವಂತದಿಂದ ಗಾತ್ರ ಬದಲಿಸುವ ದಾರಿಗಳನ್ನು ಯಾರಾದರೂ ಹೇಳಿದರೆ ಕೇಳಬಾರದು.

ಹಿಗ್ಗಿಸುವ ವಿಷಯದಲ್ಲಿ ಸಾಮಾನ್ಯ ದೂರು ಹೀಗಿರುತ್ತದೆ: ಡಿಸ್ಕ್‌ನಲ್ಲಿ ಖಾಲಿ ಜಾಗವಿದೆ, ಆದರೂ ಸಿ ಡ್ರೈವ್‌ನ ‘ಎಕ್ಸ್‌ಟೆಂಡ್’ ಆಯ್ಕೆ ಮಸುಕಾಗಿದೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಆ ಖಾಲಿ ಜಾಗ ಸಿ ಡ್ರೈವ್‌ಗೆ ತಾಗಿಕೊಂಡು ಬಲಗಡೆಯೇ ಇರಬೇಕು. ನಡುವೆ ಚಿಕ್ಕದೊಂದು ರಿಕವರಿ ಪಾರ್ಟಿಷನ್ ಕುಳಿತಿರುತ್ತದೆ. ಬೂಟ್ ಡಿಸ್ಕ್‌ನ ಜಿಪಾರ್ಟೆಡ್‌ನಲ್ಲಿ ಅದನ್ನು ಬಲತುದಿಗೆ ಸರಿಸಿ, ಆಮೇಲೆ ಸಿ ಡ್ರೈವ್ ಹಿಗ್ಗಿಸಬಹುದು. ಕೆಲವು ನೂರು ಎಂಬಿಗಳನ್ನಷ್ಟೇ ಸರಿಸುವ ಈ ಕೆಲಸ ಬೇಗ ಮುಗಿಯುತ್ತದೆ. ಆದರೆ ನೂರಾರು ಜಿಬಿ ತುಂಬಿರುವ ಪಾರ್ಟಿಷನ್ ಅನ್ನು ಎಡಕ್ಕೆ ಸರಿಸುವುದು ಗಂಟೆಗಟ್ಟಲೆ ಹಿಡಿಯುತ್ತದೆ. ಪ್ರಗತಿ ಪಟ್ಟಿ ಮುಂದಕ್ಕೆ ಹೋಗುತ್ತಿಲ್ಲವೆಂದು ‘ಕ್ಯಾನ್ಸಲ್’ ಒತ್ತುವುದು ಅತ್ಯಂತ ಅಪಾಯಕಾರಿ.

ಫಾರ್ಮ್ಯಾಟ್ ವಿಫಲವಾಗುತ್ತದೆ, ಅಥವಾ ಮುಗಿಯುವುದೇ ಇಲ್ಲ

ನಿಧಾನವೆಂದ ಮಾತ್ರಕ್ಕೆ ದೋಷವಲ್ಲ. ವಿಂಡೋಸ್ ವಿಸ್ತಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟ್ ಎಂದರೆ ಪಾರ್ಟಿಷನ್‌ನ ಉದ್ದಕ್ಕೂ ಸೊನ್ನೆ ಬರೆಯುವುದು; 1 ಟಿಬಿ ಹಾರ್ಡ್‌ಡಿಸ್ಕ್‌ಗೆ ಎರಡು ಮೂರು ಗಂಟೆ ಹಿಡಿಯುವುದು ಸಹಜ. ಕ್ವಿಕ್ ಫಾರ್ಮ್ಯಾಟ್ ಕಡತಗಳ ಸೂಚಿಯನ್ನಷ್ಟೇ ಹೊಸದಾಗಿ ಬರೆಯುವುದರಿಂದ ಕ್ಷಣಗಳಲ್ಲಿ ಮುಗಿಯುತ್ತದೆ. ಎಸ್‌ಎಸ್‌ಡಿಗೆ ಪೂರ್ಣ ಫಾರ್ಮ್ಯಾಟ್ ಬೇಕಿಲ್ಲ, ಅನಗತ್ಯ ಸವೆತವಷ್ಟೇ.

‘ರೈಟ್ ಪ್ರೊಟೆಕ್ಟೆಡ್’ ಎಂಬ ಸಂದೇಶ ಬಂದರೆ ಮೊದಲು ಎಸ್‌ಡಿ ಕಾರ್ಡ್‌ನ ಅಂಚಿನಲ್ಲಿರುವ ಪುಟ್ಟ ಬೀಗದ ಗುಂಡಿಯನ್ನು ನೋಡಿ. ಕೆಲವು ಪೆನ್‌ಡ್ರೈವ್‌ಗಳಲ್ಲೂ ಅಂಥದ್ದಿರುತ್ತದೆ. ಅದು ಸರಿಯಿದ್ದರೆ ಡಿಸ್ಕ್‌ಪಾರ್ಟ್‌ನಲ್ಲಿ ಡಿಸ್ಕ್ ಆರಿಸಿ ‘ಆಟ್ರಿಬ್ಯೂಟ್ಸ್ ಡಿಸ್ಕ್ ಕ್ಲಿಯರ್ ರೀಡ್‌ಓನ್ಲಿ’ ಕೊಡಬಹುದು. ಅದಕ್ಕೂ ಬಗ್ಗದ ಪೆನ್‌ಡ್ರೈವ್ ಅಥವಾ ಎಸ್‌ಎಸ್‌ಡಿ ಹೆಚ್ಚಾಗಿ ತನ್ನ ಆಯುಸ್ಸು ಮುಗಿದು ತಾನಾಗಿಯೇ ಬರವಣಿಗೆ ನಿಲ್ಲಿಸಿದ್ದು. ಓದಲು ಸಾಧ್ಯವಿರುವಾಗಲೇ ಒಳಗಿನದನ್ನು ನಕಲು ಮಾಡಿಕೊಂಡು ಅದನ್ನು ಬದಿಗಿಡಬೇಕು.

ಫಾರ್ಮ್ಯಾಟ್ ಒಂದೇ ಪ್ರತಿಶತದಲ್ಲಿ ಬಹಳ ಹೊತ್ತು ನಿಂತು ಕೊನೆಗೆ ತಪ್ಪು ಸಂದೇಶ ಕೊಟ್ಟರೆ ಡಿಸ್ಕ್‌ನ ಆರೋಗ್ಯ ನೋಡುವ ಕಾಲ ಬಂತು. ಲಿನಕ್ಸ್ ಬೂಟ್ ಡಿಸ್ಕ್‌ನಿಂದ ‘ಸ್ಮಾರ್ಟ್‌ಸಿಟಿಎಲ್’ ಆದೇಶದ ಮೂಲಕ ಡಿಸ್ಕ್ ತಾನೇ ಇಟ್ಟುಕೊಂಡಿರುವ ಸ್ಮಾರ್ಟ್ ದಾಖಲೆಯನ್ನು ಓದಬಹುದು. ಸಾಟಾ ಹಾರ್ಡ್‌ಡಿಸ್ಕ್ ಆದರೆ ಅದರಲ್ಲಿ ನಾಲ್ಕು ಸಾಲುಗಳು ಮುಖ್ಯ. 5ನೆಯದು ಈಗಾಗಲೇ ಕೆಟ್ಟು ಬದಲಿಸಲಾದ ಸೆಕ್ಟರ್‌ಗಳ ಲೆಕ್ಕ, 197 ಓದಲಾಗದೆ ತೀರ್ಮಾನಕ್ಕೆ ಕಾದಿರುವವುಗಳ ಲೆಕ್ಕ, 198 ಸರಿಪಡಿಸಲಾಗದವುಗಳ ಲೆಕ್ಕ. ಈ ಮೂರರ ಕೊನೆಯ ಅಂಕಣದಲ್ಲಿ ಸೊನ್ನೆಗಿಂತ ಹೆಚ್ಚಿನ ಸಂಖ್ಯೆ ಇದ್ದು ಅದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕ್‌ಗೆ ಹೊಸ ಪಾರ್ಟಿಷನ್ ಮಾಡುವ ಶ್ರಮ ವ್ಯರ್ಥ. 199 ಮಾತ್ರ ಏರುತ್ತಿದ್ದರೆ ಸಂತೋಷಪಡಬಹುದು, ಅದು ಕೇಬಲ್‌ನಲ್ಲಿ ದತ್ತಾಂಶ ಕೆಟ್ಟದ್ದರ ಲೆಕ್ಕ, ಹೆಚ್ಚಾಗಿ ಹೊಸ ಸಾಟಾ ಕೇಬಲ್‌ನಿಂದ ನಿಲ್ಲುತ್ತದೆ. ಆದರೆ ಹಳೆಯ ಲೆಕ್ಕ ಇಳಿಯುವುದಿಲ್ಲ, ಏರುವುದು ನಿಂತಿತೇ ಎಂದಷ್ಟೇ ನೋಡಬೇಕು.

ಗಾತ್ರ ಕಡಿಮೆ ತೋರಿಸುತ್ತದೆ

1 ಟಿಬಿ ಡಿಸ್ಕ್ 931 ಜಿಬಿ ಎಂದು ಕಂಡರೆ ಏನೂ ಕಳೆದುಹೋಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. 3 ಟಿಬಿ ಡಿಸ್ಕ್‌ನಲ್ಲಿ 2048 ಜಿಬಿ ಬಳಸಲು ಸಿಕ್ಕಿ, ಉಳಿದ ಸುಮಾರು 746 ಜಿಬಿ ಹಂಚಿಕೆಯಾಗದೆ ಉಳಿದು, ಅದರ ಮೇಲೆ ಪಾರ್ಟಿಷನ್ ಮಾಡಲು ಆಗದಿದ್ದರೆ ಡಿಸ್ಕ್ ಎಂಬಿಆರ್ ಮಾದರಿಯಲ್ಲಿದೆ. ಅದರ ಸೆಕ್ಟರ್ ಎಣಿಕೆ 32 ಬಿಟ್‌ಗಳಿಗೆ ನಿಲ್ಲುವುದರಿಂದ ಆಚೆಯ ಜಾಗ ಅದಕ್ಕೆ ಎಟಕುವುದಿಲ್ಲ, ಜಿಪಿಟಿಗೆ ಬದಲಿಸಬೇಕು. ಇಡೀ ಡಿಸ್ಕೇ 746 ಜಿಬಿ ಎಂದು ಕಂಡರೆ ನಡುವಿನ ಹಳೆಯ ಯುಎಸ್‌ಬಿ ಪೆಟ್ಟಿಗೆ ಅಥವಾ ಹಳೆಯ ಡ್ರೈವರ್ ಅಷ್ಟು ದೊಡ್ಡ ಸಂಖ್ಯೆಯನ್ನು ಎಣಿಸಲಾರದೆ ಮತ್ತೆ ಸೊನ್ನೆಯಿಂದ ಎಣಿಸುತ್ತಿದೆ. ಆ ಸ್ಥಿತಿಯಲ್ಲಿ ಡಿಸ್ಕ್‌ಗೆ ಏನನ್ನೂ ಬರೆಯಬಾರದು.

ಬೂಟ್ ಇಮೇಜು ಬರೆದಿದ್ದ 32 ಜಿಬಿ ಪೆನ್‌ಡ್ರೈವ್ ಆಮೇಲೆ ಕೆಲವೇ ಎಂಬಿ ಎಂದು ಕಾಣುವುದು ಇಮೇಜಿನ ಜೊತೆ ಬಂದ ಪಾರ್ಟಿಷನ್ ಪಟ್ಟಿಯಿಂದ. ಡಿಸ್ಕ್‌ಪಾರ್ಟ್‌ನ ‘ಕ್ಲೀನ್’ ಕೊಟ್ಟು ಹೊಸ ಪಾರ್ಟಿಷನ್ ಮಾಡಿದರೆ ಪೂರ್ಣ ಗಾತ್ರ ಮರಳುತ್ತದೆ. ಜಾಗವಿದ್ದರೂ ದೊಡ್ಡ ಕಡತವೊಂದು ನಕಲಾಗದಿದ್ದರೆ ಆ ಪಾರ್ಟಿಷನ್ ಫ್ಯಾಟ್32 ಎಂಬ ಹಳೆಯ ಕಡತ ವ್ಯವಸ್ಥೆಯದು ಎಂದು ತಿಳಿಯಬೇಕು, ಅದರಲ್ಲಿ ಒಂದು ಕಡತ 4 ಜಿಬಿ ದಾಟುವಂತಿಲ್ಲ.

ಎಲ್ಲ ಮುಗಿದ ಮೇಲೆ ಕಂಪ್ಯೂಟರ್ ಬೂಟ್ ಆಗುವುದಿಲ್ಲ

ಬೂಟ್ ಡಿವಿಡಿಯನ್ನೂ ಪೆನ್‌ಡ್ರೈವನ್ನೂ ಹೊರತೆಗೆದು ಮತ್ತೊಮ್ಮೆ ಆನ್ ಮಾಡಿ, ಬೂಟ್ ಕ್ರಮದಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಮೊದಲಿದೆಯೇ ನೋಡಿ. ಇಷ್ಟರಲ್ಲೇ ಬಹುಪಾಲು ಪ್ರಕರಣಗಳು ಮುಗಿಯುತ್ತವೆ.

ಕಪ್ಪು ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂದು ಕಂಡರೆ, ಲಿನಕ್ಸ್ ಇದ್ದ ಪಾರ್ಟಿಷನ್ ಅಳಿಸಲಾಗಿದೆ, ಅದರ ಬೂಟ್ ಲೋಡರ್‌ನ ತಲೆ ಮಾತ್ರ ಉಳಿದಿದೆ. ಎಂಬಿಆರ್ ಡಿಸ್ಕ್ ಆದರೆ ವಿಂಡೋಸ್ ಡಿಸ್ಕ್‌ನಿಂದ ಬೂಟ್ ಮಾಡಿ ರಿಪೇರಿ ವಿಭಾಗದ ಆದೇಶ ಕಿಟಕಿಯಲ್ಲಿ ‘ಬೂಟ್‌ರೆಕ್’ನ ‘ಫಿಕ್ಸ್ ಎಂಬಿಆರ್’ ಸಾಕು. ಯುಇಎಫ್‌ಐ ಆದರೆ ಬೂಟ್ ಕಡತಗಳಿಗೆಂದೇ ಇರುವ ಇಎಫ್‌ಐ ಪಾರ್ಟಿಷನ್‌ಗೆ ಒಂದು ಡ್ರೈವ್ ಅಕ್ಷರ ಕೊಟ್ಟು ‘ಬಿಸಿಡಿಬೂಟ್’ ಮೂಲಕ ಬೂಟ್ ಕಡತಗಳನ್ನು ಮತ್ತೆ ಬರೆಯಬೇಕು. 100 ಎಂಬಿಯಷ್ಟಿರುವ, ಹೆಸರಿಲ್ಲದ ಆ ಫ್ಯಾಟ್32 ಪಾರ್ಟಿಷನ್ ಅನ್ನೇ ‘ಕೆಲಸಕ್ಕೆ ಬಾರದ್ದು’ ಎಂದು ಅಳಿಸಿ ಈ ಸ್ಥಿತಿಗೆ ಬರುವವರೇ ಹೆಚ್ಚು.

ಇನ್ನೊಂದು ವಿಚಿತ್ರ ಲಕ್ಷಣವಿದೆ: ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿ ತಿಂಗಳುಗಟ್ಟಲೆ ಬಳಸಿ, ಹಳೆಯ ಹಾರ್ಡ್‌ಡಿಸ್ಕ್ ತೆಗೆದ ದಿನ ಕಂಪ್ಯೂಟರ್ ‘ಬೂಟ್ ಆಗುವ ಸಾಧನವಿಲ್ಲ’ ಎನ್ನುತ್ತದೆ. ಹಾಕುವಾಗ ಎರಡೂ ಡಿಸ್ಕ್ ಜೋಡಿಸಿದ್ದರಿಂದ ಅನುಸ್ಥಾಪಕ ಬೂಟ್ ಕಡತಗಳನ್ನು ಹಳೆಯದರ ಇಎಫ್‌ಐ ಪಾರ್ಟಿಷನ್‌ನಲ್ಲೇ ಇಟ್ಟಿರುತ್ತದೆ. ಹಳೆಯ ಡಿಸ್ಕನ್ನು ಮರಳಿ ಜೋಡಿಸಿದರೆ ಕಂಪ್ಯೂಟರ್ ತೆರೆಯುತ್ತದೆ, ಆಮೇಲೆ ಎಸ್‌ಎಸ್‌ಡಿಯಲ್ಲಿ ಇಎಫ್‌ಐ ಪಾರ್ಟಿಷನ್ ಮಾಡಿ ಬಿಸಿಡಿಬೂಟ್ ಓಡಿಸಬಹುದು.

ತಪ್ಪು ಪಾರ್ಟಿಷನ್ ಅಳಿದಿದೆ, ಅಥವಾ ಡಿಸ್ಕ್ ‘ರಾ’ ಎಂದು ಕಾಣುತ್ತಿದೆ

ಕೈಯನ್ನು ಕೀಲಿಮಣೆಯಿಂದ ತೆಗೆಯಿರಿ. ‘ರಾ’ ಎಂದರೆ ಒಳಗಿನ ಕಡತ ವ್ಯವಸ್ಥೆಯ ಗುರುತು ವಿಂಡೋಸ್‌ಗೆ ಸಿಗುತ್ತಿಲ್ಲ ಎಂದರ್ಥ. ‘ಬಳಸುವ ಮೊದಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ವಿಂಡೋಸ್ ಕೇಳಿದರೆ ಬೇಡವೆನ್ನಿ. ಚೆಕ್‌ಡಿಸ್ಕ್ ಕೂಡ ಈ ಹೊತ್ತಿಗೆ ಬೇಡ, ಅದು ದುರಸ್ತಿಯ ಹೆಸರಿನಲ್ಲಿ ಡಿಸ್ಕ್‌ಗೆ ಬರೆಯುತ್ತದೆ.

ಪಾರ್ಟಿಷನ್ ಪಟ್ಟಿ ಮಾತ್ರ ಅಳಿದು, ಆಮೇಲೆ ಏನೂ ಬರೆಯದಿದ್ದರೆ ಹಾರ್ಡ್‌ಡಿಸ್ಕ್‌ನ ಮೇಲಿನ ಕಡತಗಳು ಇದ್ದಲ್ಲೇ ಇರುತ್ತವೆ. ಲಿನಕ್ಸ್ ಬೂಟ್ ಡಿಸ್ಕ್‌ನಿಂದ ‘ಡಿಡಿರೆಸ್ಕ್ಯೂ’ ಬಳಸಿ ಇಡೀ ಡಿಸ್ಕ್‌ನ ಪ್ರತಿಬಿಂಬವನ್ನು ಇನ್ನೊಂದು ದೊಡ್ಡ ಡಿಸ್ಕ್‌ಗೆ ತೆಗೆದುಕೊಂಡು, ಆ ಪ್ರತಿಬಿಂಬದ ಮೇಲೆ ‘ಟೆಸ್ಟ್‌ಡಿಸ್ಕ್’ ಓಡಿಸಿ ಕಳೆದ ಪಾರ್ಟಿಷನ್‌ಗಳನ್ನು ಹುಡುಕಬೇಕು. ಮೂಲ ಡಿಸ್ಕ್‌ಗೆ ಬರೆಯುವ ಪ್ರಸಂಗವೇ ಬರುವುದಿಲ್ಲ. ಡಿಡಿರೆಸ್ಕ್ಯೂಗೆ ಮೂಲ ಮತ್ತು ಗುರಿಯ ಹೆಸರುಗಳನ್ನು ಅದಲುಬದಲಾಗಿ ಕೊಟ್ಟರೆ ಉಳಿದದ್ದೂ ಹೋಗುತ್ತದೆ, ಎಂಟರ್ ಒತ್ತುವ ಮೊದಲು ಎರಡನ್ನೂ ಗಟ್ಟಿಯಾಗಿ ಓದಿ ನೋಡಿ.

ಎಸ್‌ಎಸ್‌ಡಿಯ ಕಥೆ ಬೇರೆ. ಅದರಲ್ಲಿ ಫಾರ್ಮ್ಯಾಟ್ ಮಾಡಿದ ಕೂಡಲೇ ವಿಂಡೋಸ್ ‘ಟ್ರಿಮ್’ ಸೂಚನೆ ಕಳಿಸುತ್ತದೆ, ಎಸ್‌ಎಸ್‌ಡಿ ಆ ಜಾಗಗಳನ್ನು ತನ್ನ ಬಿಡುವಿನಲ್ಲಿ ಒಳಗೊಳಗೇ ಖಾಲಿ ಮಾಡತೊಡಗುತ್ತದೆ. ಉಳಿಯುವ ಸಾಧ್ಯತೆ ಏನಾದರೂ ಇದ್ದರೆ ಅದು ತಕ್ಷಣ ವಿದ್ಯುತ್ ನಿಲ್ಲಿಸುವುದರಲ್ಲಿದೆ; ಲ್ಯಾಪ್‌ಟಾಪ್‌ನ ಪವರ್ ಗುಂಡಿಯನ್ನು ಒತ್ತಿ ಹಿಡಿದು ಆಫ್ ಮಾಡಿ, ಮತ್ತೆ ಆನ್ ಮಾಡದೆ ಪರಿಣತರಿಗೆ ಕೊಡಬೇಕು. ಕೊಡುವಾಗ ಯಾವ ಆದೇಶ ಕೊಟ್ಟಿರಿ, ಎಷ್ಟು ಹೊತ್ತಿಗೆ, ಅದಾದ ಮೇಲೆ ಎಷ್ಟು ಬಾರಿ ಆನ್ ಮಾಡಿದಿರಿ, ಗೂಢಲಿಪೀಕರಣ ಇತ್ತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಡಿಸ್ಕ್‌ನ ಜೊತೆಗೇ ಕೊಟ್ಟರೆ ಅವರ ಅರ್ಧ ದಿನದ ಊಹೆ ಉಳಿಯುತ್ತದೆ.